ಬಾ ಬೇ

ನನ್ನ ಎಡಗೈ ಮಣಿಕಟ್ಟಿಗೆ ಒಂದು ನೀಲಿ ಕಾಗದದ ಪಟ್ಟಿ ಅಂಟಿಕೊಂಡು ಇಂದಿಗೆ ಹದಿಮೂರು ದಿನ. ಕಾಗದ ಎನ್ನುವುದು ಹೆಸರಿಗೆ ಮಾತ್ರ. ಅದು ಹರಿಯುವುದಿಲ್ಲ, ನೀರಿಗೆ ನೆನೆಯುವುದಿಲ್ಲ, ಸಾಬೂನಿಗೂ ಜಗ್ಗುವುದಿಲ್ಲ. ಕತ್ತರಿ ತರುತ್ತೇನೆಂದು ಹೆಂಡತಿ ದಿನಕ್ಕೆರಡು ಸಲ ಏಳುತ್ತಾಳೆ, ನಾನು ದಿನಕ್ಕೆರಡು ಸಲ ನಾಳೆ ಎನ್ನುತ್ತೇನೆ. ಚಿದ್ರಿಯ ನಮ್ಮ ಓಣಿಯ ಕಿರಾಣಿ ಅಂಗಡಿಯವರು ಅದನ್ನು ನೋಡಿ, ಆಸ್ಪತ್ರೆಯಿಂದ ಯಾವಾಗ ಬಿಟ್ಟರೆಂದು ಕೇಳಿದರು. ಆಸ್ಪತ್ರೆಯಲ್ಲ, ರಾಕ್ ಸಂಗೀತಕ್ಕೆ ಹೋಗಿದ್ದೆ ಎಂದೆ. ನಮ್ಮ ಬೀದರಿನ ಉರ್ದುವಿನಲ್ಲಿ ರಾಖ್ ಎಂದರೆ ಬೂದಿ. ಅರವತ್ತೆಂಟು ವರ್ಷದ ನಿವೃತ್ತ ಕನ್ನಡ ಮಾಸ್ತರ ಬೂದಿ ಸಂಗೀತ ಕೇಳಲು ಯಾಕೆ ಹೋದ ಎಂದು ಅವರಿಗೆ ಚಿಂತೆಯಾಗಿರಬೇಕು. ಬೇಳೆ ಕಟ್ಟಿಕೊಟ್ಟು, ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರಲ್ಲವೇ ಎಂದು ಇನ್ನೊಮ್ಮೆ ವಿಚಾರಿಸಿದರು.

ಯಾಕೆ ಹೋದೆ ಎನ್ನುವುದನ್ನು ನಿಮಗೆ ಹೇಳಿಬಿಡುತ್ತೇನೆ. ನನ್ನ ಅವ್ವನ ದನಿ ಕೇಳಲು ಹೋಗಿದ್ದೆ.

ಅವ್ವ ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು. ಅವಳ ಒಂದು ಫೋಟೋ ಇದೆ, ಅದರಲ್ಲಿ ಸೆರಗು ಮುಖಕ್ಕಿಂತ ಹೆಚ್ಚು ಕಾಣುತ್ತದೆ. ದನಿಯನ್ನು ಯಾರೂ ಎಲ್ಲೂ ಹಿಡಿದಿಡಲಿಲ್ಲ. ಅವಳ ಬಾಯಿಂದ ಬಂದದ್ದರಲ್ಲಿ ಈ ಜಗತ್ತಿನಲ್ಲಿ ಉಳಿದಿರುವುದು ಒಂದೇ ಒಂದು ಸಾಲು. ಅದು ಉಳಿದದ್ದೂ ಒಂದು ಇಂಗ್ಲಿಷ್ ರಾಕ್ ಹಾಡಿನ ನಡುವೆ.

ಆ ಹಾಡಿನ ಒಡೆಯ ಜೇ ಶೀಲ್. ಎಪ್ಪತ್ತರ ಅಂಚಿನಲ್ಲಿರುವ ಮನುಷ್ಯ, ಬಿಳಿಯ ಜುಟ್ಟು, ಕೊರಳಿಗೆ ಗಿಟಾರು. ಹೈದರಾಬಾದಿನಿಂದ ಹೊರಟು ದೊಡ್ಡ ದೊಡ್ಡ ಊರುಗಳಲ್ಲಿ ಸಾವಿರಾರು ಜನರನ್ನು ಕುಣಿಸಿ ಬಂದವನು. ಪೋಸ್ಟರಿನಲ್ಲಿ ಜೇ ಶೀಲ್ ಆದರೂ ಹುಟ್ಟು ಹೆಸರು ಜಯಶೀಲ. ಬೀದರಿನ ಮಿಶನ್ ಶಾಲೆಯ ಹಾಸ್ಟೆಲಿನಲ್ಲಿ ನಮಗೆ ಅವನು ಜೈಶೀಲ್ಯಾ. ಐದನೆಯ ಇಯತ್ತೆಯಿಂದ ಮೆಟ್ರಿಕ್‌ವರೆಗೆ ನಾವಿಬ್ಬರೂ ಒಂದೇ ಬೆಂಚು. ಅವನ ತಾಯಿ ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಅವನು ಹಾಸ್ಟೆಲಿಗೆ ಬರುವ ಮೊದಲೇ ತೀರಿಕೊಂಡಿದ್ದರು. ತಂದೆ ದೂರದ ಹಳ್ಳಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಅವನು ಹಾಡಲು ನಿಂತರೆ ಮುಂದಿನ ಸಾಲಿನ ಅಮ್ಮಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ನಾನು, ಕುರುಬರ ಹುಡುಗ, ಪ್ರಾರ್ಥನೆ ಮುಗಿದ ಮೇಲೆ ಕೊಡುವ ಬಿಸ್ಕೀಟಿನ ಮೇಲೆ ಭಕ್ತಿ ಇಟ್ಟು ಕುಳಿತಿರುತ್ತಿದ್ದೆ.

ನಮ್ಮ ಊರು ಔರಾದ ತಾಲೂಕಿನ ಚಿಂತಾಕಿ. ಮನೆಯ ತುಂಬ ಕುರಿ. ಮನೆಯಲ್ಲಿ ಒಬ್ಬನಾದರೂ ಕಾಗದ ಓದುವವನು ಇರಲಿ ಎಂದು ಅಪ್ಪ ನನ್ನನ್ನು ಬೀದರಿಗೆ ತಂದು ಬಿಟ್ಟ. ಬಂದ ಮೊದಲ ವಾರ ಪೇಟೆಯಲ್ಲಿ ಒಬ್ಬ ಅಂಗಡಿಯವನು ನನ್ನನ್ನು ನೋಡಿ "ಕ್ಯಾ ಬೇ" ಅಂದ. ನನಗೆ ಕಣ್ಣು ತುಂಬಿ ಬಂತು. ನಮ್ಮ ಕಡೆ ತಾಯಿಯನ್ನು ಕರೆಯುವಾಗ, ದೊಡ್ಡ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಮಾತಾಡಿಸುವಾಗ ಕೊನೆಗೆ ಒಂದು ಬೇ ಸೇರಿಸುತ್ತೇವೆ. ಉಂಡೆ ಏನು ಬೇ, ಎಲ್ಲಿ ಹೋಗಿದ್ದಿ ಬೇ ಎಂದು. ಗುರುತಿಲ್ಲದ ಊರಿನಲ್ಲಿ ಒಬ್ಬ ಗಂಡಸು ನನ್ನನ್ನು ತಾಯಿಯಂತೆ ಮಾತಾಡಿಸಿದನಲ್ಲ ಎಂದು ಕರಗಿಹೋದೆ. ಅದೇ ಅಕ್ಷರ ಉರ್ದುವಿನಲ್ಲಿ ಬೈಗುಳ ಎಂದು ಹಾಸ್ಟೆಲಿನಲ್ಲಿ ಹೇಳಿಕೊಟ್ಟವನು ಜಯಶೀಲ. ಹೇಳಿಕೊಟ್ಟು, ಬಿದ್ದು ಬಿದ್ದು ನಕ್ಕ. ಅವನೊಡನೆ ಗೆಳೆತನ ಶುರುವಾದದ್ದು ಆ ನಗೆಯಿಂದಲೇ.

ಒಂದು ಬೇಸಿಗೆ ರಜೆಗೆ ಅವನನ್ನು ಚಿಂತಾಕಿಗೆ ಕರೆದುಕೊಂಡು ಹೋಗಿದ್ದೆ. ಈಗ ಒಂದು ಸಂಗತಿ ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ನನಗೆ ಪಟ್ಟಣದ ಗಾಳಿ ಸೋಕಿತ್ತು. ಕುರಿ ವಾಸನೆ, ಕಂಬಳಿ ವಾಸನೆ, ಹಿಕ್ಕೆ ಮೆತ್ತಿದ ಅಂಗಳ ಎಲ್ಲದರ ಬಗ್ಗೆ ನಾಚಿಕೆ. ಗೆಳೆಯ ನೋಡಿದರೆ ಏನೆಂದುಕೊಂಡಾನು ಎಂದು ನಾನು ಬೇವಿನ ಮರದ ಕೆಳಗೆ ಇಸ್ತ್ರಿ ಅಂಗಿ ಹಾಕಿಕೊಂಡು ಪುಸ್ತಕ ಹಿಡಿದು ಕೂರುತ್ತಿದ್ದೆ. ಗೆಳೆಯನಾದರೋ ನನ್ನ ಕಡೆ ನೋಡಲೇ ಇಲ್ಲ. ಇಡೀ ರಜೆ ಅವ್ವನ ಹಿಂದೆ ಹಿಂದೆ ಕುರಿಹಟ್ಟಿಯಲ್ಲೇ ಇದ್ದ. ಸಂಜೆ ಗೋಡೆಯಾಚೆಯಿಂದ ಅವ್ವನ ದನಿ ಕೇಳುತ್ತಿತ್ತು:

"ಹೈರೋ, ಹೈರೋ... ಬಾ ಬೇ."

ಅದರ ಹಿಂದೆಯೇ ಜಯಶೀಲನ ಎಳೆಯ ದನಿಯಲ್ಲಿ ಅದೇ ಸಾಲು. ನಾನು ಪುಸ್ತಕದ ಪುಟ ತಿರುಗಿಸುತ್ತಿದ್ದೆ. ಯಾವ ಪುಸ್ತಕ ಎಂದು ಕೇಳಿದರೆ ಇಂದಿಗೂ ಹೇಳಲಾರೆ.

ಆಮೇಲೆ ಅವನು ಹೈದರಾಬಾದಿಗೆ ಹೋದ, ನಾನು ಭಾಲ್ಕಿಯ ಒಂದು ಹೈಸ್ಕೂಲಿಗೆ ಮಾಸ್ತರನಾಗಿ ಹೋದೆ. ಪತ್ರ ನಾಲ್ಕಾರು ವರ್ಷ ನಡೆದು ನಿಂತಿತು. ಭಾಲ್ಕಿಯ ಬಸ್‌ಸ್ಟ್ಯಾಂಡ್ ಪಕ್ಕ ಒಂದು ಕ್ಯಾಸೆಟ್ ಅಂಗಡಿ ಇತ್ತು. ಅದರೆದುರು ಒಂದು ಸಂಜೆ ಚಹಾ ಕುಡಿಯುತ್ತ ನಿಂತಿದ್ದೆ. ಒಳಗೆ ಯಾವುದೋ ಇಂಗ್ಲಿಷ್ ಹಾಡು, ಡಬಡಬ ಡ್ರಮ್ಮು. ಇದ್ದಕ್ಕಿದ್ದಂತೆ ಎಲ್ಲ ವಾದ್ಯ ನಿಂತು, ಬರೀ ಒಂದು ದನಿ "ಹೈರೋ, ಹೈರೋ, ಬಾ ಬೇ" ಎಂದಿತು. ಹಾಡುವ ಗಂಟಲು ಜಯಶೀಲನದು, ಆದರೆ ಎಳೆತ, ಒಡೆತ, ಕೊನೆಗೆ ಉಸಿರು ಬಿಟ್ಟುಬಿಡುವ ರೀತಿ ಎಲ್ಲ ಅವ್ವನದು. ಚಹಾ ಅಂಗಿಯ ಮೇಲೆ ಚೆಲ್ಲಿತು. ಅವ್ವ ಆಗ ಬದುಕಿದ್ದಳು. ಊರಿಗೆ ಹೋದಾಗ ಹೇಳಿದೆ. ಆ ಹುಡುಗ ಹೊಟ್ಟೆ ತುಂಬ ಉಣ್ಣುತ್ತಾನೋ ಇಲ್ಲವೋ ಎಂದಷ್ಟೇ ಕೇಳಿದಳು.

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಹಾಡಿನ ಸಾಲುಗಳನ್ನು ಅಚ್ಚು ಹಾಕಿದ್ದರು. ಹೈರೋ ಎನ್ನುವುದು ಅಲ್ಲಿ ಹೀರೋ ಆಗಿತ್ತು, ಬಾ ಬೇ ಎನ್ನುವುದು ಬೇಬಿ ಆಗಿತ್ತು. ಹೀರೋ, ಹೀರೋ, ಬೇಬಿ! ಸ್ಟಾಫ್‌ರೂಮಿನಲ್ಲಿ ನಾನು ಇದು ಇಂಗ್ಲಿಷ್ ಅಲ್ಲ, ನಮ್ಮ ಅವ್ವ ಸಂಜೆ ಕುರಿಗಳನ್ನು ಹಟ್ಟಿಗೆ ಕೂಗುವ ಕರೆ ಎಂದು ಹೇಳಿದರೆ ಯಾರೂ ನಂಬಲಿಲ್ಲ. ಪಿ.ಟಿ. ಮಾಸ್ತರರು ಅಂದಿನಿಂದ ನನ್ನನ್ನು ಹೀರೋ ಸರ್ ಎಂದೇ ಕರೆದರು, ನಿವೃತ್ತಿಯ ಹಾರ ಹಾಕುವಾಗಲೂ. ಶಾಲೆಯ ಸ್ಮರಣ ಸಂಚಿಕೆಯಲ್ಲಿ 'ಕುರಿ ಕೂಗುವ ಹಾಡು' ಎಂದು ಎರಡು ಪುಟದ ಲೇಖನ ಬರೆದೆ. ಗೋಧೂಳಿ, ಮನೆಗೆ ಮರಳುವ ಹಿಂಡು ಎಂದೆಲ್ಲ ಅದರಲ್ಲಿ ಸಾಕಷ್ಟು ವರ್ಣನೆ ಇತ್ತು. ಆ ವರ್ಣನೆಯ ಗತಿ ಏನಾಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ, ಸ್ವಲ್ಪ ತಾಳಿ.

ಜಯಶೀಲನ ಮೇಲೆ ನನಗೆ ಸಿಟ್ಟೂ ಇತ್ತು. ಇಷ್ಟು ಹೆಸರು ಮಾಡಿದವನು ಒಮ್ಮೆಯಾದರೂ ಆ ಸಾಲು ಯಾರದೆಂದು ಹೇಳಬಾರದಿತ್ತೇ? ಅವ್ವ ಹೋದ ಮೇಲೆ ಆ ಸಿಟ್ಟು ಹೊಟ್ಟೆಕಿಚ್ಚಾಯಿತು. ಅವಳು ನನ್ನ ತಾಯಿ, ದನಿ ಮಾತ್ರ ಅವನ ಹತ್ತಿರ. ಕ್ಯಾಸೆಟ್ಟು ಕೇಳಿ ಕೇಳಿ ಸವೆದು, ಒಂದು ದಿನ ಟೇಪೆಲ್ಲ ಹೊರಗೆ ಬಂತು. ಪೆನ್ಸಿಲ್ ಹಾಕಿ ಸುತ್ತಿದರೂ ಮತ್ತೆ ಹಾಡಲಿಲ್ಲ, ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ. ಈಗ ಫೋನಿನಲ್ಲಿ ಸಿಗುವುದೆಲ್ಲ ದೊಡ್ಡ ಮೈದಾನಗಳಲ್ಲಿ ಹಾಡಿದ್ದು. ಆ ಸಾಲು ಬಂದ ಕೂಡಲೇ ಅವನು ಮೈಕನ್ನು ಜನರ ಕಡೆ ಹಿಡಿಯುತ್ತಾನೆ, ಜನ ಹೀರೋ ಬೇಬಿ ಎಂದು ಅರಚುತ್ತಾರೆ. ಅವನು ಹಾಡುವುದೇ ಇಲ್ಲ. ತನ್ನ ಹುಟ್ಟೂರಿಗೆ ಬಂದಾಗಲಾದರೂ ಹಾಡಿಯಾನು ಎಂಬ ಒಂದು ಆಸೆಯ ಮೇಲೆ ನಾನು ಹೊರಟಿದ್ದು.

ಕಾರ್ಯಕ್ರಮ ಬೀದರಿನ ಮನ್ನಳ್ಳಿ ರಸ್ತೆಯ ಬದಿಯ ಒಂದು ಬಯಲಿನಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಪಾಸು ತಂದುಕೊಟ್ಟ. ಹೆಂಡತಿ ನಾನೊಲ್ಲೆ ಎಂದು ಕೈಮುಗಿದಳು. ಅದೇ ಹೊತ್ತಿಗೆ ಚಿಂತಾಕಿಯಿಂದ ನಮ್ಮ ಅಕ್ಕ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ನಮ್ಮ ಮನೆಯಲ್ಲಿದ್ದಳು. ನನಗಿಂತ ಆರು ವರ್ಷ ದೊಡ್ಡವಳು, ನೀಲಕ್ಕ. ಅದೇ ಊರಿನಲ್ಲಿ ಕೊಟ್ಟಿದ್ದರಿಂದ ಅವ್ವನ ಕೊನೆಯವರೆಗೂ ಜೊತೆಗಿದ್ದವಳು, ಇವತ್ತಿಗೂ ಕುರಿ ಸಾಕುವವಳು. ಕುರ್ಚಿ ಇರುತ್ತದೆ, ತಣ್ಣನೆಯ ನೀರು ಕೊಡುತ್ತಾರೆ ಎಂದು ಹೇಳಿ ಒಪ್ಪಿಸಿದೆ. ಜೈಶೀಲ್ಯಾ ಹಾಡುತ್ತಾನೆ ಎಂದಾಗ, ಆ ನರ್ಸಮ್ಮನ ಮಗನೇ ಎಂದು ಎದ್ದು ಸೀರೆ ಬದಲಿಸಿದಳು.

ಗೇಟಿನಲ್ಲಿ ಒಬ್ಬ ಹುಡುಗಿ ನಮ್ಮಿಬ್ಬರ ಕೈಗೂ ನೀಲಿ ಪಟ್ಟಿ ಸುತ್ತಿದಳು. ಅಕ್ಕ ಕೈ ತಿರುಗಿಸಿ ತಿರುಗಿಸಿ ನೋಡಿದಳು.

"ನಾವು ಸಂತಿಗಿ ಹೊಡಿಯೂ ಮುಂದ ಕುರಿಗಿ ಬಣ್ಣ ಹಚ್ತೇವಲ್ಲ, ಹಂಗ ಮಾಡ್ಯಾರ ನೋಡು," ಅಂದಳು.

ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ಕರಿ ಚಷ್ಮಾ, ತಲೆ ಮೇಲೆ ಇಳಕಲ್ ಸೆರಗು. ಹರಿದ ಜೀನ್ಸಿನ ಹುಡುಗ ಹುಡುಗಿಯರು ಸಾಲಾಗಿ ಬಂದು ಅವಳ ಜೊತೆ ಸೆಲ್ಫಿ ತೆಗೆದುಕೊಂಡರು. ನನ್ನ ಜೊತೆ ಯಾರೂ ತೆಗೆದುಕೊಳ್ಳಲಿಲ್ಲ. ನಾನು ಆ ದಿನಕ್ಕೆಂದೇ ಮಗಳು ಕೊಡಿಸಿದ್ದ ಟೀಶರ್ಟು ಹಾಕಿಕೊಂಡು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೆ.

ಮೇ ತಿಂಗಳ ಬಿಸಿಲು ಇಳಿದು, ಕೆಮ್ಮಣ್ಣಿನಿಂದ ಮಾತ್ರ ಇನ್ನೂ ಕಾವು ಏಳುತ್ತಿತ್ತು. ಐದೂವರೆಗೆ ಎಂದವರು ಆರೂಕಾಲಿಗೆ ಶುರು ಮಾಡಿದರು. ಜಯಶೀಲ ಬಂದ. ಒಂದು ಮಂಡಿಗೆ ಪಟ್ಟಿ ಕಟ್ಟಿದ್ದ, ಎತ್ತರದ ಸ್ಟೂಲಿನ ಮೇಲೆ ಕುಳಿತೇ ಹಾಡಿದ. ಮೊದಲ ಹಾಡಿಗೇ ನನ್ನ ಎದೆ ಡ್ರಮ್ಮಿನ ತಾಳಕ್ಕೆ ಸಿಕ್ಕಿ, ಇದು ಹೃದಯಾಘಾತವೋ ಸಂಗೀತವೋ ತಿಳಿಯದೆ ಕುಳಿತೆ. ಅಕ್ಕ ಕಿವಿಗೆ ಹತ್ತಿ ಇಟ್ಟುಕೊಂಡು ನಿಶ್ಚಿಂತೆಯಿಂದ ಎಲೆ ಅಡಿಕೆ ಹಾಕಿಕೊಂಡಳು. ನಾಲ್ಕೈದು ಹಾಡು ಮುಗಿದವು. ಪಶ್ಚಿಮದಲ್ಲಿ ಇನ್ನೂ ಬೆಳಕಿತ್ತು. ಆಗ ಅವನು ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು, ಅಲ್ಲಿಯವರೆಗೆ ಆಡಿದ ಇಂಗ್ಲಿಷ್ ಬಿಟ್ಟು ನಮ್ಮ ಮಾತಿನಲ್ಲಿ ಹೇಳಿದ.

"ಮುಂದಿನ ಹಾಡಿನ್ಯಾಗ ಒಂದು ಸಾಲು ನಂದಲ್ರಿ. ಚಿಂತಾಕಿ ಊರಾಗ ಒಬ್ಬ ಅವ್ವ ಇದ್ದಳು, ಅಕಿದದ. ಅದನ್ನ ಹಾಡ್ಲಿಕ್ಕ ಹೋದ್ರ ನನಗ ಗಂಟಲ ಕಟ್ತದ್ರಿ. ಒಮ್ಮಿ ಹಾಡಿದೆ, ಆಮ್ಯಾಲ ಆಗಲಿಲ್ಲ. ಅದಕ್ಕ ನೀವು ಹಾಡ್ರಿ."

ನಲವತ್ತು ವರ್ಷ ಸಾಕಿದ ಸಿಟ್ಟು ಹೀಗೆ ಎರಡು ನಿಮಿಷದಲ್ಲಿ ಹೋಗಿಬಿಟ್ಟರೆ ಮನುಷ್ಯನಿಗೆ ಕೈಕಾಲು ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲ. ಸಂತೋಷವಾಯಿತು, ನಿಜ. ಅದರ ಬೆನ್ನಿಗೇ ನಾನು ಬಂದ ಕೆಲಸ ಆಗುವುದಿಲ್ಲ ಎಂಬುದೂ ಗೊತ್ತಾಯಿತು. ಅವನು ಹಾಡುವುದಿಲ್ಲ. ಹಾಡು ಶುರುವಾಯಿತು, ಏರಿತು, ವಾದ್ಯಗಳು ನಿಂತವು, ಅವನು ಮೈಕನ್ನು ನಮ್ಮ ಕಡೆ ಚಾಚಿ ಮುಖವನ್ನು ಆಚೆ ತಿರುಗಿಸಿದ. ಬಯಲಿಗೆ ಬಯಲೇ ಹೀರೋ ಹೀರೋ ಬೇಬಿ ಎಂದು ಕೂಗಿತು. ಅವ್ವ ಎಲ್ಲಿಯೂ ಇರಲಿಲ್ಲ.

ಅಕ್ಕ ಕಿವಿಯಿಂದ ಹತ್ತಿ ತೆಗೆದಳು. ಸುತ್ತ ನೋಡಿದಳು.

"ಇಷ್ಟ ಮಂದಿ ಕೂಡಿ ಯಾಕ ಕರಿಲಿಕತ್ತಾರೋ ತಮ್ಮಾ? ಮರಿ ಎಲ್ಲದ?"

ಯಾವ ಮರಿ ಎಂದೆ. ಮರಿ ಇಲ್ಲದೆ ಈ ಕರೆ ಹೇಗೆ ಬಂತು ಎಂದಳು. ಕುರಿ ಹಟ್ಟಿಗೆ ಕೂಗುವುದಕ್ಕೆ ಮರಿ ಯಾಕೆ ಬೇಕು ಎಂದೆ, ನನ್ನ ಎರಡು ಪುಟದ ಲೇಖನದ ಧೈರ್ಯದಿಂದ. ಅಕ್ಕ ಕರಿ ಚಷ್ಮಾ ಹಣೆಗೇರಿಸಿ ನನ್ನನ್ನು ನೋಡಿದಳು. ಹಟ್ಟಿಗೆ ಕೂಗುವ ಕರೆಯೇ ಬೇರೆ, ಅದನ್ನು ಗಂಡಸರು ಕೂಗುತ್ತಿದ್ದರು, ಇದು ಹೆಂಗಸರದು ಎಂದಳು. ತಾಯಿ ಸತ್ತ ಮರಿ ಇರುತ್ತದಲ್ಲ, ಅದಕ್ಕೆ ಉಪ್ಪುನೀರು ಸವರಿ, ಮರಿ ಕಳಕೊಂಡ ಇನ್ನೊಂದು ಕುರಿಯ ಮುಂದೆ ಬಿಡುತ್ತಾರಂತೆ. ಕುರಿ ಹತ್ತಿರ ಬರುವುದಿಲ್ಲ, ಒದೆಯುತ್ತದೆ. ಆಗ ಅವ್ವ ಮರಿಯ ಹಿಂದೆ ಅದರಷ್ಟೇ ತಗ್ಗಾಗಿ ಕೂತು ಮರಿಯ ಪರವಾಗಿ ಕರೆಯುತ್ತಿದ್ದಳಂತೆ, ಆ ಕುರಿ ಬಂದು ನೆಕ್ಕುವವರೆಗೆ. ಕೆಲವೊಮ್ಮೆ ಮೂರು ನಾಲ್ಕು ಸಂಜೆ.

"ಕುರಿಗಿ ಯಾರರೇ ಬೇ ಅಂತಾರೇನು? ಅದು ಮರಿ ಮಾತದ. ಬಾ ಬೇ ಅಂದ್ರ ಬಾ ಯವ್ವಾ ಅಂತ."

ಗೋಡೆಯ ಈಚೆ ಇಸ್ತ್ರಿ ಅಂಗಿಯಲ್ಲಿ ಕೂತವನಿಗೆ ಬರೀ ದನಿ ಕೇಳಿತ್ತು, ಆಚೆ ನಡೆಯುತ್ತಿದ್ದದ್ದು ಕಂಡಿರಲಿಲ್ಲ. ಕಂಡವನು ಜಯಶೀಲ. ತಾಯಿ ಇಲ್ಲದ ಹುಡುಗ ಇಡೀ ರಜೆ ಅಲ್ಲಿ ಕೂತು ಯಾರನ್ನು ಕರೆಯುತ್ತಿದ್ದ ಎಂದು ಈಗ ಅರ್ಥವಾಯಿತು. ಸ್ಮರಣ ಸಂಚಿಕೆಯ ಗೋಧೂಳಿಯನ್ನು ನೆನೆದು ಮೈ ಬೆವರಿತು. ಆ ಸಂಚಿಕೆ ಯಾರ ಮನೆಯಲ್ಲೂ ಉಳಿದಿರಲಾರದು ಎಂಬುದೊಂದೇ ಸಮಾಧಾನ.

ಸ್ವಲ್ಪ ಹೊತ್ತಿನ ಮೇಲೆ, ಆಸೆ ಬಿಡಲಾರದೆ, ಒಮ್ಮೆ ನೀನೇ ಕರೆದು ತೋರಿಸು ಅಕ್ಕ ಎಂದೆ. ಅವಳ ದನಿ ಈಚೆಗೆ ಅವ್ವನ ಹಾಗೇ ಆಗಿದೆ. ಆಗುವುದಿಲ್ಲ ಎಂದಳು.

"ಮರಿ ಇಲ್ದ ಸುಳ್ಳ ಕರಿಬಾರದಪ್ಪ. ಸುಳ್ಳ ಕರದ್ರ ಮುಂದ ಖರೇ ಕರದಾಗ ಕುರಿ ಬರಂಗಿಲ್ಲ. ಅವ್ವ ಹೇಳಿದ್ದದು."

ಮಧ್ಯಂತರ ಬಿಟ್ಟರು. ಅಕ್ಕನನ್ನು ನೀರಿನ ಡ್ರಮ್ಮಿನ ಹತ್ತಿರ ನಿಲ್ಲಿಸಿ, ವೇದಿಕೆಯ ಹಿಂದೆ ಹೋಗಿ ಜಯಶೀಲನನ್ನು ಕಂಡು ಬರುತ್ತೇನೆಂದು ಹೊರಟೆ. ಕಾವಲಿನವನು ತಡೆದ. ನಾನು ಅವರ ಬಾಲ್ಯದ ಗೆಳೆಯ ಎಂದೆ. ಸಂಜೆಯಿಂದ ಹದಿನಾರು ಮಂದಿ ಬಾಲ್ಯದ ಗೆಳೆಯರು ಬಂದುಹೋದರೆಂದೂ ಅವರಲ್ಲಿ ಇಬ್ಬರು ಕಾಲೇಜು ಹುಡುಗರೆಂದೂ ಅವನು ಬಹಳ ವಿನಯದಿಂದ ತಿಳಿಸಿದ. ಹೆಸರು ಬರೆದು ಕೊಟ್ಟು ವಾಪಸು ಬಂದೆ.

ಡ್ರಮ್ಮಿನ ಹತ್ತಿರ ಅಕ್ಕ ಇರಲಿಲ್ಲ.

ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಜನವೋ ಜನ. ಕಣ್ಣಿನ ಆಪರೇಶನ್ ಆಗಿ ಇನ್ನೂ ಒಂಬತ್ತು ದಿನ, ಸಂಜೆ ಹೊತ್ತು, ಮೇಲೆ ಕರಿ ಚಷ್ಮಾ. ಅವಳ ಫೋನು ನನ್ನ ಕಿಸೆಯಲ್ಲೇ ಇತ್ತು. ನೀಲಕ್ಕಾ ಎಂದು ಕೂಗಿದೆ. ವೇದಿಕೆಯ ಮೇಲೆ ಯಾರೋ ಡ್ರಮ್ಮು ಪರೀಕ್ಷೆ ಮಾಡುತ್ತಿದ್ದರು, ನನ್ನ ಕೂಗು ನನಗೇ ಕೇಳಲಿಲ್ಲ. ಅಕ್ಕಾ ಎಂದರೆ ಹತ್ತು ಹೆಂಗಸರು ತಿರುಗಿ ನೋಡಿದರು, ನಮ್ಮವಳಲ್ಲ. ಐಸ್ಕ್ರೀಮ್ ಗಾಡಿ, ಗೇಟು, ಕುರ್ಚಿಗಳ ಸಾಲು, ಮತ್ತೆ ನೀರಿನ ಡ್ರಮ್ಮು. ನಮ್ಮ ಮನೆಯಲ್ಲಿ ಹಿರಿಯರು ಎಂದು ಉಳಿದವಳು ಅವಳೊಬ್ಬಳು. ಅವಳೂ ಸಿಗದಿದ್ದರೆ ಎಂಬ ಯೋಚನೆ ಬಂದದ್ದೇ, ಗಂಟಲಿನಿಂದ ಏನು ಹೊರಟಿತು ಎಂದು ನನಗೆ ಗೊತ್ತಾಗಲಿಲ್ಲ.

"ಹೈರೋ, ಹೈರೋ... ಬಾ ಬೇ!"

ಪಕ್ಕದಲ್ಲಿದ್ದ ಹುಡುಗರಿಗೆ ಖುಷಿಯೋ ಖುಷಿ. ಅಂಕಲ್ ಸೂಪರ್ ಎಂದು ನನ್ನ ಬೆನ್ನು ಚಪ್ಪರಿಸಿ, ಹೀರೋ ಹೀರೋ ಬೇಬಿ ಎಂದು ಶುರು ಮಾಡಿದರು. ನಾನು ಅವರ ನಡುವೆ ನಿಂತು ಮತ್ತೆ ಮತ್ತೆ ಕರೆದೆ. ನನ್ನದು ಅಳು, ಅವರದು ಹಾಡು, ಕೇಳಿದವರಿಗೆ ಎರಡೂ ಒಂದೇ.

ಎಷ್ಟು ಸಲ ಕರೆದೆನೋ. ಗುಂಪು ಸರಿಸಿಕೊಂಡು ಅಕ್ಕ ಬಂದಳು. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈ ಯಾವುದೋ ಹುಡುಗಿಯ ಹೆಗಲ ಮೇಲೆ. ಕಾಲು ಮಡಿಯಲು ಸಂಡಾಸು ಹುಡುಕಿಕೊಂಡು ಹೋಗಿದ್ದಳಂತೆ, ಆ ಹುಡುಗಿ ಕರೆದುಕೊಂಡು ಹೋಗಿದ್ದಳಂತೆ. ನನ್ನ ಮುಖ ನೋಡಿದವಳೇ ಬೈಗುಳ ನುಂಗಿಕೊಂಡು, ಸೆರಗಿನ ತುದಿಯಿಂದ ನನ್ನ ಕೆನ್ನೆ ಒರೆಸಿದಳು. ಅರವತ್ತೆಂಟು ವರ್ಷದವನ ಕೆನ್ನೆ, ಅಷ್ಟು ಮಂದಿಯ ಎದುರು.

ಸುಳ್ಳು ಕರೆಯಬಾರದು ಎಂದಿದ್ದಿ, ನಾನು ಕರೆದುಬಿಟ್ಟೆ ಅಕ್ಕ ಎಂದೆ.

"ಸುಳ್ಳ ಎಲ್ಲದ ಹುಚ್ಚಾ," ಅಂದಳು. "ನೀ ಖರೇನ ಹುಡಕ್ಲಿಕತ್ತಿದ್ದಿ. ಅದಕ್ಕ ಬಂದೆ."

ಹೌದಕ್ಕ ಎಂದೆ. ಯಾರನ್ನು ಎಂದು ಅವಳು ಕೇಳಲಿಲ್ಲ. ನನ್ನ ಕೈ ಹಿಡಿದು, ನೀಲಿ ಪಟ್ಟಿ ಇದ್ದ ಕಡೆಯೇ ಗಟ್ಟಿಯಾಗಿ ಹಿಡಿದು, ಕುರ್ಚಿಗಳ ಕಡೆ ನಡೆಸಿಕೊಂಡು ಹೋದಳು.